ಧಣಿಯ ಹೆಸರಿನಲ್ಲಿದ್ದ ನನ್ನ ಕಾರು

ನನ್ನ ಕಾರಿನ ಹಿಂದಿನ ಎಡಬಾಗಿಲಿನ ಒಳಮೈಗೆ ಒಂದು ಕೆಂಪು ಕಲೆ ಇದೆ. ಎಲೆಅಡಿಕೆ ಉಗುಳಲು ಗಾಜು ಇಳಿಸಿ, ಅರ್ಧ ಹೊರಗೆ ಅರ್ಧ ಒಳಗೆ ಉಗುಳಿದವರ ಗುರುತು ಅದು. ಸೋಪಿನ ಪುಡಿ, ನಿಂಬೆಹಣ್ಣು, ಸೀಮೆಎಣ್ಣೆ ಎಲ್ಲವನ್ನೂ ಹಾಕಿ ತಿಕ್ಕಿದ್ದೇನೆ. ಬಣ್ಣ ಸ್ವಲ್ಪ ತಿಳಿಯಾಯಿತು, ಹೋಗಲಿಲ್ಲ. ಆ ಉಗುಳು ಬಿದ್ದ ದಿನಗಳಲ್ಲಿ ಕಾರಿಗೆ ಹಣ ಕೊಟ್ಟವನು ನಾನು, ಪೆಟ್ರೋಲ್ ಹಾಕಿಸುವವನು ನಾನು, ಕಾಗದದ ಮೇಲೆ ಮಾತ್ರ ಅದು ಉಗುಳಿದವರದಾಗಿತ್ತು.

ನಾನು ಮಾನ್ವಿಯಲ್ಲಿ ಕಾಲೇಜು ಮೇಷ್ಟ್ರು. ಹುಟ್ಟಿದ್ದು ದೇವದುರ್ಗ ತಾಲೂಕಿನ ಒಂದು ಹಳ್ಳಿಯ ಕಡೇ ಕೇರಿಯಲ್ಲಿ. ಅಪ್ಪ ಆ ಊರಿನ ಧಣಿಯ ಮನೆಯಲ್ಲಿ ಬಂಡಿ ಹೊಡೆಯುತ್ತಿದ್ದ, ಅವ್ವ ಅದೇ ಧಣಿಯ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ನನಗೆ ನೌಕರಿ ಸಿಕ್ಕಿತು, ಅವ್ವ ನನ್ನ ಜೊತೆ ಮಾನ್ವಿಗೆ ಬಂದಳು. ಕೆಸರಿನಲ್ಲಿ ಬಗ್ಗಿ ಬಗ್ಗಿ ಅವಳ ಮೊಣಕಾಲು ಸವೆದುಹೋಗಿದ್ದವು. ರಾಯಚೂರಿನ ದವಾಖಾನೆಗೆ ಆಗಾಗ ತೋರಿಸಬೇಕು. ಬಸ್ಸಿನ ಮೆಟ್ಟಿಲು ಹತ್ತುವಾಗ ಅವಳು ಕಂಬಿ ಹಿಡಿದು ಹಲ್ಲು ಕಚ್ಚುವುದನ್ನು ನೋಡಲಾಗದೆ, ಹಳೆಯದಾದರೂ ಸರಿ, ಒಂದು ಕಾರು ಕೊಳ್ಳೋಣ ಎಂದುಕೊಂಡೆ.

ಅದೇ ಹೊತ್ತಿಗೆ ಧಣಿ ತಮ್ಮ ಬಿಳಿ ಕಾರಿಗೆ ಸದ್ದಿಲ್ಲದೆ ಗಿರಾಕಿ ಹುಡುಕುತ್ತಿದ್ದರು. ಏನೋ ಅಡಚಣೆ ಇತ್ತೆಂದು ಕಾಣುತ್ತದೆ, ನಾನು ಕೇಳಲಿಲ್ಲ. ಗಾಡಿ ಚೆನ್ನಾಗಿತ್ತು. ಹಣ ಪೂರ್ತಿ ನನ್ನ ಬ್ಯಾಂಕ್ ಖಾತೆಯಿಂದ ಅವರ ಖಾತೆಗೆ ಹೋಯಿತು. ಕೀಲಿ ಕೈಗೆ ಹಾಕುತ್ತಾ ಅವರು ಹೇಳಿದರು: "ಹೆಸರು ಬದಲಿ ಮಾಡೂದು ಏನು ದೊಡ್ಡ ಮಾತು ಮಾಸ್ತರ? ಒಂದಿನ ರಾಯಚೂರಿಗಿ ಹೋಗಿ ಮಾಡಿಬಿಡೂಣು. ನಾ ಎಲ್ಲಿಗಿ ಓಡಿ ಹೋಗ್ತೀನಿ?"

ಅವರು ಓಡಿಹೋಗಲಿಲ್ಲ. ಓಡಿಹೋಗಿದ್ದರೆ ಚೆನ್ನಾಗಿತ್ತು.

ಕಾರು ಮನೆ ಮುಂದೆ ನಿಂತ ದಿನ ಅವ್ವ ಹೊರಗೆ ಬಂದು ಸುತ್ತ ಒಮ್ಮೆ ನೋಡಿದಳು. ಅವಳಿಗೆ ಗಾಡಿಯ ಗುರುತು ಚೆನ್ನಾಗಿತ್ತು. ಆ ಗಾಡಿ ಎಬ್ಬಿಸಿದ ಧೂಳು ಕುಡಿದೇ ಅವಳು ಎಷ್ಟೋ ವರ್ಷ ಗದ್ದೆಗೆ ನಡೆದಿದ್ದಳು. "ನಿನ್ನ ಹೆಸರಿಗಿ ಆಗ್ಯಾದೇನು?" ಎಂದಳು. ಇಷ್ಟರಲ್ಲೇ ಆಗುತ್ತದೆ ಎಂದೆ. "ಆಗ್ಲಿ ಯಪ್ಪಾ. ಅವರ ಹೆಸರಿಲೆ ಇರೂತನ ನಾ ಅದರಾಗ ಕೂಡಂಗಿಲ್ಲ."

ಮುದುಕಿಯ ಹಟ, ಎರಡು ದಿನಕ್ಕೆ ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ. ಕಾರು ಅಂಗಳದಲ್ಲಿ ನಿಂತಿರುತ್ತಿತ್ತು, ಅವಳು ಬಸ್ಸಿಗೇ ಹೋಗುತ್ತಿದ್ದಳು. ಅವಳಿಗಾಗಿ ಕೊಂಡ ಕಾರನ್ನು ಬಿಟ್ಟು ನಾನೂ ಅವಳ ಹಿಂದೆ ಬಸ್ಸು ಹತ್ತುತ್ತಿದ್ದೆ. ಅಕ್ಕಪಕ್ಕದವರಿಗೆ ನಗು, ನನಗೆ ಸಿಟ್ಟು. ಆ ಸಿಟ್ಟನ್ನು ಅವಳ ಮೇಲೆ ತೀರಿಸುವಂತಿರಲಿಲ್ಲ.

ಹೆಸರು ಬದಲಾಗಬೇಕಾದರೆ ಅವರ ಸಹಿ ಬೇಕು, ಅವರ ಫೋನಿಗೆ ಬರುವ ಓಟಿಪಿ ಬೇಕು. ರಾಯಚೂರಿನ ಆರ್‌ಟಿಓ ಕಚೇರಿಯ ಹೊರಗೆ, ಕಂಪ್ಯೂಟರ್ ಇಟ್ಟುಕೊಂಡ ಏಜೆಂಟನ ಗೂಡಂಗಡಿಯಲ್ಲಿ ಕೂತು ಫೋನ್ ಮಾಡುತ್ತಿದ್ದೆ. "ಟವರ್ ಇಲ್ಲ ಮಾಸ್ತರ, ಓಟಿಪಿ ಬಂದಿಲ್ಲ" ಎನ್ನುತ್ತಿದ್ದರು. ಅವರ ಮನೆಯ ಟಿವಿಯ ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು, ನನ್ನ ಮಾತೂ ಅವರಿಗೆ ಸ್ಪಷ್ಟವಾಗಿಯೇ ಕೇಳುತ್ತಿತ್ತು. ಓಟಿಪಿಗೆ ಮಾತ್ರ ಟವರ್ ಇರಲಿಲ್ಲ! ಇನ್ನೊಮ್ಮೆ ಸಹಿಗೆ ಊರಿಗೇ ಹೋದರೆ, "ಅಮಾಸಿ ಹತ್ರ ಬಂದದ, ಈಗ ಬ್ಯಾಡ." ಅಮಾವಾಸ್ಯೆ ಕಳೆದರೆ ಪಂಚಮಿ ಮುಗಿಯಬೇಕು, ಪಂಚಮಿ ಮುಗಿದರೆ ನಾಟಿ ಮುಗಿಯಬೇಕು.

ಏಜೆಂಟ ಎರಡು ಸಲ ನನ್ನ ಮುಖ ನೋಡಿ, "ಸರ, ಅವರಿಗಿ ಕೊಡೂ ಮನಸ್ಸಿಲ್ರಿ" ಎಂದ. ನನಗದು ಗೊತ್ತಿತ್ತು. ಯಾಕೆ ಎನ್ನುವುದು ಗೊತ್ತಿರಲಿಲ್ಲ.

ಅದು ಗೊತ್ತಾಗಿದ್ದು ಸಿರವಾರದ ಒಂದು ಮದುವೆಯಲ್ಲಿ. ಹಿಂದಿನ ದಿನ ಧಣಿಯ ಫೋನ್ ಬಂದಿತ್ತು. "ಮಾಸ್ತರ, ನಾಳಿ ಮದುವಿ ಅದ. ಗಾಡಿ ತಗೊಂಡು ಬರ್ರಿ, ಹೋಗಿ ಬರೂಣು. ಹಾದ್ಯಾಗ ಸಹಿನೂ ಮಾಡಿ ಕೊಡ್ತೀನಿ." ಆಸೆಗೆ ಬಿದ್ದು ಹೋದೆ. ಮುಂದಿನ ಬಾಗಿಲು ತೆಗೆದು ಹಿಡಿದೆ. ಅವರು ಅದನ್ನು ನೋಡದವರಂತೆ ಹಿಂದಿನ ಬಾಗಿಲು ತೆರೆದು, ಧೋತರ ಸರಿಮಾಡಿಕೊಂಡು ಕೂತರು. ಸೊಂಟ ನೋಯುತ್ತಿರಬೇಕು, ಹಿಂದೆ ಜಾಗ ಹೆಚ್ಚು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮದುವೆ ಮನೆಯ ಮುಂದೆ ಇಳಿಯುವಾಗ ಅಲ್ಲಿಯವರೆಗಿನ 'ಮಾಸ್ತರ' ಮಾಯವಾಯಿತು. "ತಮ್ಮಾ, ಗಾಡಿ ನೆರಳಿಗಿ ಹಚ್ಚು" ಎಂದರು. ಗಾಡಿ ನಿಲ್ಲಿಸಿ ಬಂದೆ. ಊಟದ ಹೊತ್ತಿಗೆ ಹುಡುಗಿಯ ಕಡೆಯವರೊಬ್ಬರು ಬಡಿಸುವವರನ್ನು ಕೂಗಿ, "ಧಣೇರ ಡ್ರೈವರಿಗಿ ಊಟಕ್ಕ ಕೂಡಸ್ರಿ" ಎಂದರು. ನಾನು ಸುತ್ತ ನೋಡಿದೆ, ಅದು ನನಗೇ. ಶಾಮಿಯಾನದ ಹಿಂದೆ, ಕೈ ತೊಳೆಯುವ ನೀರು ಹರಿದು ಕೊಚ್ಚೆಯಾದ ಕಡೆ ಡ್ರೈವರುಗಳ ಸಾಲು ಕೂತಿತ್ತು. ಡ್ರೈವರಿಕೆ ಕೀಳು ಕೆಲಸವೆಂದು ನಾನು ಎಂದೂ ತಿಳಿದವನಲ್ಲ, ನಮ್ಮ ಸಂಬಂಧಿಕರಲ್ಲೇ ಎಷ್ಟೋ ಮಂದಿ ಡ್ರೈವರುಗಳಿದ್ದಾರೆ. ಆದರೆ ನಾನು ಧಣಿಯ ಕಡೆ ನೋಡಿದೆ, ಅವರು ಈಗ ತಿದ್ದುತ್ತಾರೆ ಎಂದು. ಅವರು ವೀಳ್ಯದೆಲೆ ಮಡಚಿ ಬಾಯಿಗಿಟ್ಟುಕೊಂಡು ಪಕ್ಕದವರಿಗೆ ಹೇಳುತ್ತಿದ್ದರು: "ಅಪ್ಪ ನಮ್ಮ ಬಂಡಿ ಹೊಡದಾ, ಮಗ ಕಾರ್ ಹೊಡ್ಯಾಕತ್ಯಾನ. ಏನ್ ಮಾಡೂದು, ನಮ್ಮ ಮನಿ ಅನ್ನ ತಿಂದ ಮಂದಿ, ಬಿಡಂಗಿಲ್ಲ." ಸುತ್ತಲಿನವರು ಹೌದೌದು ಎಂದು ತಲೆ ಆಡಿಸಿದರು.

ಆಗ ಎಲ್ಲಾ ತಿಳಿಯಿತು. ಗಾಡಿ ಮಾರಿದ್ದು ಊರಿಗೆ ಗೊತ್ತಾಗಬಾರದು. ಕೊಂಡವನು ತಮ್ಮ ಬಂಡಿ ಹೊಡೆಯುವವನ ಮಗ ಎನ್ನುವುದಂತೂ ಗೊತ್ತಾಗಲೇಬಾರದು. ಅದಕ್ಕೇ ಸಹಿ ಇಲ್ಲ, ಓಟಿಪಿ ಇಲ್ಲ. ಹಣ ನುಂಗಿಯೂ ಧಣಿಯಾಗಿ ಉಳಿಯುವ ಈ ಉಪಾಯಕ್ಕೆ ನಾನೇ ಪೆಟ್ರೋಲ್ ಹಾಕಿಸಿಕೊಂಡು ಬಂದಿದ್ದೆ. ಊಟ ಮಾಡದೆ ಹೋಗಿ ಗಾಡಿಯಲ್ಲಿ ಕೂತೆ. ವಾಪಸ್ ಬರುವಾಗ ಅವರು ಗಾಜು ಇಳಿಸಿ ಉಗುಳಿದರು. ಬಾಗಿಲಿನ ಆ ಕಲೆ ಅವತ್ತಿನದು. ಸಹಿಯ ಮಾತೆತ್ತಿದರೆ, "ಪೆನ್ನ ತಂದಿಲ್ಲಲ್ಲ ಮಾಸ್ತರ" ಎಂದರು. ನನ್ನ ಜೇಬಿನಲ್ಲಿದ್ದ ಪೆನ್ನು ಅವರಿಗೂ ಕಾಣುತ್ತಿತ್ತು.

ಮದುವೆಯಲ್ಲಿ ನಡೆದದ್ದರ ಬಗ್ಗೆ ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಆಮೇಲೆ ಅವರು ಎಷ್ಟು ಕರೆದರೂ ಹೋಗಲೂ ಇಲ್ಲ. ಆದರೂ ಅವರಿಂದ ಬಿಡುಗಡೆ ಇರಲಿಲ್ಲ. ಒಮ್ಮೆ ಕಾಲೇಜಿನ ಕೆಲಸದ ಮೇಲೆ ರಾಯಚೂರಿಗೆ ಹೋಗುವಾಗ ಕಲ್ಮಲದ ಬಳಿ ಪೊಲೀಸರು ಕೈ ಅಡ್ಡ ಹಿಡಿದರು. ಆರ್‌ಸಿಯಲ್ಲಿನ ಹೆಸರು ಬೇರೆ, ಲೈಸೆನ್ಸಿನಲ್ಲಿನ ಹೆಸರು ಬೇರೆ. "ಗಾಡಿ ಯಾರದು?" ನನ್ನದು ಎಂದೆ. "ಇದರಾಗ ಹಂಗಿಲ್ಲಲ್ರಿ." ಕೊನೆಗೆ ಧಣಿಗೇ ಫೋನ್ ಹಚ್ಚಿಕೊಡಬೇಕಾಯಿತು. ಆ ಕಡೆಯಿಂದ ಬಂದ ಮಾತು ನನಗೂ ಕೇಳಿತು: "ಹೌದ್ ಹೌದ್, ಅವ ನಮ್ಮ ಹುಡುಗನ ಅದಾನ. ಬಿಟ್ಟಬಿಡ್ರಿ." ಪೊಲೀಸ ನಗುತ್ತಾ ಬಿಟ್ಟ. ಕಳ್ಳನೆಂದು ಹಿಡಿದು ಕೂರಿಸಿದ್ದರೂ ನನಗೆ ಅಷ್ಟು ಅಸಹ್ಯವಾಗುತ್ತಿರಲಿಲ್ಲ.

ಹೀಗೆ ಎರಡನೇ ವರ್ಷವೂ ಕಳೆಯುತ್ತಾ ಬಂತು. ಒಂದು ಭಾನುವಾರ ಬೆಳಿಗ್ಗೆ ಧಣಿಯ ಫೋನ್. "ಮಾಸ್ತರ, ಲಗೂನ ಊರಿಗಿ ಬರ್ರಿ. ಗಾಡಿ ತಗೊಂಡ ಬರ್ರಿ. ರೇಷನ್ ಅಂಗಡಿ ಮುಂದ ಅದೀನಿ. ಸಹಿ ಮಾಡ್ತೀನಿ, ಓಟಿಪಿ ಕೊಡ್ತೀನಿ, ಎಲ್ಲಾ ಮಾಡ್ತೀನಿ." ದನಿಯಲ್ಲಿ ಹಳೇ ಗತ್ತು ಇರಲಿಲ್ಲ. ಯಾರಾದರೂ ಸತ್ತರೇನೋ ಎಂದುಕೊಂಡು ಹೋದೆ.

ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದ ಹೆಂಗಸರ ಪಾಳಿ. ಅದರ ಪಕ್ಕದಲ್ಲಿ ಧಣಿ ಅತ್ತಿಂದಿತ್ತ ನಡೆದಾಡುತ್ತಿದ್ದರು. ನನ್ನನ್ನು ಕಂಡ ಅಂಗಡಿಯವನೇ ವಿಷಯ ಹೇಳಿದ: "ಈಗ ಹೊಸದಾಗಿ ಕಂಪ್ಯೂಟರಿನಾಗ ತಪಾಸ ಮಾಡಾಕತ್ತಾರ, ಧಣೇರ ಹೆಸರಿಲೆ ಕಾರ್ ಅದ ಅಂತ ತೋರಸಾಕತ್ತದ್ರಿ. ಕಾರ್ ಇದ್ದವರಿಗಿ ಬಿಪಿಎಲ್ ಕಾರ್ಡ್ ಬರಂಗಿಲ್ಲ. ಬಂದ್ ಮಾಡ್ಯಾರ್ರಿ."

ಒಂದು ಗಳಿಗೆ ನನಗೆ ಅರ್ಥವೇ ಆಗಲಿಲ್ಲ. ಬಡವರ ಕಾರ್ಡು, ಇವರ ಹತ್ತಿರ? ಕಾಲುವೆಯ ನೀರುಣ್ಣುವ ಗದ್ದೆ, ಸೋನಾ ಮಸೂರಿ ತುಂಬಿದ ಗೋದಾಮು, ಎರಡಂತಸ್ತಿನ ಮನೆ ಇದ್ದವರ ಹತ್ತಿರ? ಪಾಳಿಯಲ್ಲಿದ್ದವಳೊಬ್ಬಳು ನನ್ನ ಮುಖ ನೋಡಿ, "ಆ ಅಕ್ಕಿ ಅವರೇನ್ ಉಣ್ಣಂಗಿಲ್ಲಪ್ಪ, ಎಮ್ಮಿಗಿ ಕುದಿಸಿ ಹಾಕ್ತಾರ" ಎಂದಳು. ಜೊತೆಗೆ ಆ ಕಾರ್ಡಿನ ಮೇಲೆ ದವಾಖಾನೆಯ ಸವಲತ್ತೂ ಸಿಗುತ್ತದಲ್ಲ! ನನಗೆ ನೌಕರಿ ಸಿಕ್ಕ ಹೊಸತರಲ್ಲೇ ಅವ್ವ ತಾನೇ ಹೋಗಿ ನಮ್ಮ ಕಾರ್ಡು ವಾಪಸ್ ಕೊಟ್ಟು ಬಂದಿದ್ದಳು. "ನಮಗೀಗ ಅದ, ಇಲ್ಲದವರು ಉಣ್ಲಿ" ಎಂದಿದ್ದಳು. ಅವಳು ಬಿಟ್ಟುಕೊಟ್ಟ ಅಕ್ಕಿಯಂಥದೇ ಅಕ್ಕಿ ಇವರ ಎಮ್ಮೆಯ ಹೊಟ್ಟೆಗೆ ಹೋಗುತ್ತಿತ್ತು.

"ಹೇಳ್ರಿ ಮಾಸ್ತರ," ಧಣಿ ನನ್ನ ರಟ್ಟೆ ಹಿಡಿದರು, "ಈ ಗಾಡಿ ಯಾರದು? ಎಲ್ಲಾರ ಮುಂದ ಹೇಳ್ರಿ."

ನಾನು ಬಾಯಿ ತೆರೆಯುವ ಮೊದಲೇ ಪಾಳಿಯ ಮುದುಕಿಯೊಬ್ಬಳು ಹೇಳಿದಳು: "ಅಯ್ಯ, ಅದು ನಿಮ್ಮ ಗಾಡಿ ಅಲ್ಲೇನ್ರಿ? ಬಂಡಿ ಹೊಡ್ಯಾವನ ಮಗ ನಮ್ಮ ಡ್ರೈವರ್ ಅದಾನ ಅಂತ ನೀವ ಅಂದಿದ್ರಲ್ರಿ."

ಹೆಂಗಸರು ಸೆರಗಿನೊಳಗೆ ನಕ್ಕರು. "ಏ ಸುಮ್ಕಿರ್ ಬೇ ಮುದುಕಿ!" ಧಣಿ ಚೀರಿದರು. "ನಂದಲ್ಲ ಅದು! ಮಾರೀನಿ. ಮಾರಿ ಎರಡು ವರ್ಷ ಆಗಾಕ ಬಂತು. ಮಾಸ್ತರಂದ ಗಾಡಿ, ಖರೇನ ಮಾಸ್ತರಂದ!"

ಆ ಒಂದು ಮಾತಿಗಾಗಿ ನಾನು ಅಷ್ಟು ಕಾಲ ಅಲೆದಿದ್ದೆ. ಈಗ ಅದು ಎಂಜಲೆಲೆಯಲ್ಲಿ ಬಡಿಸಿದ ಊಟದಂತೆ ಮುಂದೆ ಬಂದು ಬಿತ್ತು. 'ಇಲ್ರಿ, ಧಣೇರದ ಗಾಡಿ, ನಾ ಡ್ರೈವರ್' ಎಂದುಬಿಡೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ಹಾಗೆ ಅಂದಿದ್ದರೆ ಆ ಪಾಳಿಯ ನಗು ಊರೆಲ್ಲಾ ಹರಡುತ್ತಿತ್ತು, ನನ್ನ ಹೊಟ್ಟೆಯೂ ತಣ್ಣಗಾಗುತ್ತಿತ್ತು. ಆದರೆ ಬಸ್ಸಿನ ಮೆಟ್ಟಿಲ ಮೇಲೆ ಕಂಬಿ ಹಿಡಿದ ಅವ್ವನ ಕೈ ಕಣ್ಣ ಮುಂದೆ ಬಂತು. "ಗಾಡಿ ನಂದ್ರಿ," ಎಂದೆ. "ನಾಳಿ ರಾಯಚೂರಿಗಿ ಬರ್ರಿ, ಕಾಗದದಾಗೂ ನಂದ ಆಗ್ಲಿ."

ಮರುದಿನ ಅವರು ನನಗಿಂತ ಮೊದಲೇ ಆರ್‌ಟಿಓ ಕಚೇರಿಯ ಮುಂದೆ ನಿಂತಿದ್ದರು, ಬಸ್ಸಿಗೆ ಬಂದು. ನನ್ನ ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದರು, ಎಲ್ಲಿ ಹೇಳಿದರೆ ಅಲ್ಲಿ. ಪೆನ್ನೂ ಅವರದೇ. ಫೋನಿಗೆ ಟವರ್ ಸಿಕ್ಕಿತ್ತು. ಓಟಿಪಿ ಬಂದದ್ದೇ ತಡ, ಒಂದೊಂದೇ ಅಂಕಿಯನ್ನು ಜೋರಾಗಿ ಓದಿ ಹೇಳಿದರು. "ಹಳೇ ತಾರೀಖ ಹಾಕಾಕ ಬರ್ತದೇನು? ಖರೇನ ಅವತ್ತ ಮಾರೀನಿ" ಎಂದು ಏಜೆಂಟನನ್ನು ಗೋಗರೆದರು. ಇವತ್ತಿನದೇ ಹಾಕಬೇಕು ಎಂದು ಅವನು ಹೇಳಿದ. ಗಾಡಿ ಮಾರಿದ್ದೇನೆ ಎನ್ನುವುದೊಂದೇ ಆ ಮನುಷ್ಯ ನನ್ನ ಮುಂದೆ ಆಡಿದ ನಿಜವಾದ ಮಾತು, ಅದನ್ನು ಆಡಿಸಿದ್ದು ಎಮ್ಮೆಯ ಅಕ್ಕಿ.

ಕೆಲಸ ಮುಗಿದ ಮೇಲೆ ಅವರು ಏನೂ ಆಗದವರಂತೆ ಹಿಂದಿನ ಬಾಗಿಲು ತೆರೆದು ಕೂತರು. ಕಲ್ಮಲದ ತನಕ ಬಂದು, ದೇವದುರ್ಗದ ದಾರಿ ಒಡೆಯುವಲ್ಲಿ ಗಾಡಿ ನಿಲ್ಲಿಸಿದೆ.

"ಊರ ತನ ಬಿಡಂಗಿಲ್ಲೇನ್ ಮಾಸ್ತರ?"

"ನಾ ಮಾನ್ವಿಗಿ ಹೋಗಾಕತ್ತೀನ್ರಿ. ದೇವದುರ್ಗದ ಬಸ್ ಇಲ್ಲೇ ನಿಂದರ್ತಾವ."

ಇಳಿದರು. ಗಾಡಿ ತಿರುಗಿಸುವಾಗ ಕನ್ನಡಿಯಲ್ಲಿ ಅವರು ರಸ್ತೆಯ ಬದಿಗೆ ಉಗುಳುವುದು ಕಂಡಿತು.

ಕೆಲವು ದಿನಗಳ ಮೇಲೆ ಅವರ ಕಾರ್ಡು ಮತ್ತೆ ಚಾಲೂ ಆಯಿತೆಂದು ಕೇಳಿದೆ. ಕಾರಿಲ್ಲ, ಆದ್ದರಿಂದ ಬಡವರು. ಅವರ ಬಡತನಕ್ಕೆ ಪುರಾವೆ ಒದಗಿಸಿದವನು ನಾನೇ. ಅವರ ಗದ್ದೆ, ಗೋದಾಮು ಎಲ್ಲಾ ಬರೆದು ಮೇಲಿನವರಿಗೆ ಒಂದು ಅರ್ಜಿ ಹಾಕಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ನನ್ನ ಆರ್‌ಸಿ ಕಾರ್ಡು ಅಂಚೆಯಲ್ಲಿ ಬಂತು. ಅವ್ವನಿಗೆ ಓದಲು ಬರುವುದಿಲ್ಲ, ಓದಿ ಹೇಳು ಎಂದಳು. ನನ್ನ ಹೆಸರು ಓದಿದೆ, ಅದರ ಕೆಳಗಿದ್ದ ಅಪ್ಪನ ಹೆಸರನ್ನೂ ಓದಿದೆ. "ಅವಂದೂ ಹಾಕ್ಯಾರ?" ಎಂದು ಕಾರ್ಡು ಇಸಿದುಕೊಂಡು ಸೆರಗಿನಿಂದ ಒರೆಸಿ, ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. ನಾಳೆ ದವಾಖಾನೆಗೆ ಕಾರಿನಲ್ಲೇ ಹೋಗೋಣ ಎಂದಳು.

ಅವಳಿಗೆ ಕಾಲು ಚಾಚಿಕೊಳ್ಳಲು ಅನುಕೂಲವಾಗಲೆಂದು ಹಿಂದಿನ ಸೀಟಿನಲ್ಲಿ ದಿಂಬು ಇಟ್ಟಿದ್ದೆ, ಬಾಗಿಲಿನ ಕಲೆಯ ಮೇಲೆ ಒಂದು ಟವೆಲ್ ಹಾಕಿದ್ದೆ. ಬಾಗಿಲು ತೆಗೆದು ಹಿಡಿದರೆ ಅವಳು ಅದನ್ನು ದಾಟಿ, ಗಾಡಿಯನ್ನು ಹಿಡಿದುಕೊಂಡು ಕುಂಟುತ್ತಾ ಮುಂದಕ್ಕೆ ಹೋದಳು.

"ಮುಂದ ಕಾಲು ಮಡಚಬೇಕಾಗ್ತದ ಯವ್ವಾ, ನೂಸ್ತಾವ. ಹಿಂದ ಕುಂದ್ರು."

"ನೂಸ್ಲಿ ಬಿಡು ಯಪ್ಪಾ," ಮುಂದಿನ ಸೀಟಿನಲ್ಲಿ ಕೂತು, ಕೈಯಿಂದಲೇ ಒಂದೊಂದು ಕಾಲನ್ನು ಎತ್ತಿ ಒಳಗಿಟ್ಟುಕೊಳ್ಳುತ್ತಾ ಹೇಳಿದಳು. "ನಾ ಹಿಂದ ಕುಂತ್ರ ಮಂದಿ ನಿನ್ನ ಮತ್ತ ಡ್ರೈವರ್ ಅಂತಾರ."