ಕೆಂಪು ಗೆರೆ ದಾಟಿದರೆ ಮಾಳಿಂಗರಾಯನ ಫೋನು

ಬೆಳಗಿನ ಐದೂವರೆ. ಯಮನೂರಿನ ಹೊರಗೆ, ಎರೆಹೊಲಗಳ ನಡುವಿನ ಸಿಡಿಲು ಅಧ್ಯಯನ ಕೇಂದ್ರದ ತಾರಸಿಯಲ್ಲಿ ಮಾಳಿಂಗರಾಯ ಮೊಣಕಾಲೂರಿ ಕ್ಯಾಮರಾದ ಗಾಜು ಒರೆಸುತ್ತಿದ್ದಾರೆ. ಗಾಳಿ ತಂದ ಮಣ್ಣು ಅಂಟಿಕೊಂಡಿದೆ. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. “ಒಂದ ಗೆರಿ ಉಳದ್ರೂ ಮಿಂಚಿನ ಬೆಳಕು ಸರಿ ಸಿಗಂಗಿಲ್ರಿ,” ಎನ್ನುತ್ತಾರೆ, ತಲೆ ಎತ್ತದೆ.

ಐವತ್ತಾರರ ಇವರು ಒಂಬತ್ತು ವರ್ಷದಿಂದ ಇಲ್ಲಿಯ ಕಾವಲುಗಾರ. ಗುಡಿಸುವವರೂ ಇವರೇ, ವೇಳೆ ಬರೆದಿಡುವವರೂ ಇವರೇ. ಸಿಡಿಲು ಹಾಯ್ದ ದಾರಿಯ ಗಾಳಿ ಕ್ಷಣದಲ್ಲಿ ಪ್ಲಾಸ್ಮಾ ಆಗುತ್ತದೆ. ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಂಡು ಬಿಡಿಯಾಗಿ ಓಡುತ್ತವೆ. ಕ್ಯಾಮರಾ ಹಿಡಿದ ಆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಅದರ ಕಾವೆಷ್ಟು, ಎಲೆಕ್ಟ್ರಾನುಗಳ ದಟ್ಟಣೆ ಎಷ್ಟು, ನೂರು ಪರಮಾಣುಗಳಲ್ಲಿ ಎಷ್ಟು ಒಡೆದವು ಎಂಬುದು ತಿಳಿಯುತ್ತದೆ. ಕ್ಯಾಮರಾದ ಪಕ್ಕದಲ್ಲಿ ಒಂದು ಮೀಟರ್. ಮೋಡದ ಕೆಳಗೆ ವಿದ್ಯುತ್ತಿನ ಒತ್ತಡ ಏರಿದಂತೆ ಅದರ ಮುಳ್ಳೂ ಏರುತ್ತದೆ. ಕೆಂಪು ಗೆರೆ ದಾಟಿದರೆ ಕ್ಯಾಮರಾ ಚಾಲೂ ಮಾಡಿ ವೇಳೆ ಬರೆಯಬೇಕು.

ಎರಡು ವರ್ಷದ ಹಿಂದಿನ ಏಪ್ರಿಲ್. ಮಧ್ಯಾಹ್ನ ಮೂರು ಹತ್ತಕ್ಕೆ ಮುಳ್ಳು ಕೆಂಪು ದಾಟಿತು. ಮಾಳಿಂಗರಾಯ ಬರೆದರು. ಒಂದು ಮೈಲಿ ಆಚೆ ಅವರ ಹೆಂಡತಿ ರೇಣುಕವ್ವ ಹತ್ತಿಕಟ್ಟಿಗೆ ಕೀಳುತ್ತಿದ್ದರು. ಹನಿ ಬೀಳತೊಡಗಿದಾಗ ಬೇವಿನ ಮರದಡಿ ನಿಂತರು. ಮೂರು ಇಪ್ಪತ್ತೇಳಕ್ಕೆ ಸಿಡಿಲು ಬಿತ್ತು.

“ಹದಿನೇಳ ನಿಮಿಷ ಇತ್ರಿ. ಫೋನ್ ನನ್ನ ಕಿಸೇದಾಗಿತ್ತು, ಆಕೀದು ಆಕಿ ಕಡೆ ಇತ್ತು. ಕೆಂಪಂದ್ರ ಕ್ಯಾಮರಾ ಚಾಲೂ ಮಾಡೂದು, ಇಷ್ಟ ತಿಳ್ಕೊಂಡಿದ್ದೆ. ಬರಕೋತ ಕುಂತೆ.”

ಹೆಂಡತಿಯ ದಿನಕರ್ಮ ಮುಗಿಸಿ ಕೆಲಸಕ್ಕೆ ಬಂದವರೇ, ಕೇಂದ್ರದ ವಿಜ್ಞಾನಿ ಸುಧಾರಾಣಿಯವರಲ್ಲಿ ಆ ಸಿಡಿಲಿನ ಅಂಕಿ ಕೇಳಿದರು. ಅವರು ಓದಿ ಹೇಳಿದರು. ಕಾವು ಇಪ್ಪತ್ತೆಂಟು ಸಾವಿರ ಡಿಗ್ರಿ. ಒಂದು ಘನ ಸೆಂಟಿಮೀಟರಿನಲ್ಲಿದ್ದ ಎಲೆಕ್ಟ್ರಾನುಗಳು, ಒಂದರ ಮುಂದೆ ಹದಿನೇಳು ಸೊನ್ನೆ. ಪರಮಾಣುಗಳು ಹೆಚ್ಚುಕಡಿಮೆ ಎಲ್ಲವೂ ಒಡೆದಿದ್ದವು.

“ಇದರಾಗ ಯಾವುದು ಆಕೀನ್ನ ಕೊಂದಿದ್ದು, ಮೇಡಮ್?”

“ಇವು ಯಾವೂ ಅಲ್ಲ ಕಾಕಾ,” ಎಂದರು ಸುಧಾರಾಣಿ. “ಗಿಡಕ್ಕ ಬಿದ್ದ ಕರೆಂಟು ಬಾಜೂಕ ನಿಂತವ್ರ ಮ್ಯಾಲೆ ಜಿಗಿತೈತ್ರಿ. ಅಲ್ಲಿ ನಿಂತಿರಲಿಲ್ಲಂದ್ರ ಉಳಿತಿದ್ರು.”

ಅಂದಿನಿಂದ ಮುಳ್ಳು ಕೆಂಪು ದಾಟಿದ ಕೂಡಲೇ ಮಾಳಿಂಗರಾಯ ಫೋನು ಹಚ್ಚಿ, ಹೊಲ ಬಿಟ್ಟು ಹೊರಡಿ ಎನ್ನುತ್ತಾರೆ. ಪಟ್ಟಿಯಲ್ಲಿ ಸುತ್ತಲಿನ ಹೊಲಗಳಲ್ಲಿ ದುಡಿಯುವ ನಲವತ್ತೆರಡು ಮಂದಿಯ ಹೆಸರುಗಳಿವೆ. ಕಳೆದ ವರ್ಷ ಮೂವತ್ತೊಂದು ಸಲ ಕೆಂಪು ಬಂತು. ಒಂಬತ್ತು ಸಲ ಸಿಡಿಲು ಬೀಳಲೇ ಇಲ್ಲ. ಆ ಒಂಬತ್ತಕ್ಕೆ ಬೈಗುಳ ತಿಂದಿದ್ದಾರೆ. ಮೇ ತಿಂಗಳಲ್ಲಿ ಒಬ್ಬ ರೈತ ಫೋನು ಎತ್ತಲಿಲ್ಲ, ಹೊಲದಲ್ಲೇ ತೀರಿಕೊಂಡ. “ಮೂರ ಸಲ ಹಚ್ಚಿದ್ದೆ,” ಎನ್ನುತ್ತಾರೆ ಮಾಳಿಂಗರಾಯ. ಆ ಹೆಸರನ್ನು ಇನ್ನೂ ಹೊಡೆದುಹಾಕಿಲ್ಲ.

ರೇಣುಕವ್ವನ ಜೊತೆ ಅದೇ ಹೊಲದಲ್ಲಿದ್ದ ಜಮೀಲಾಬಿಗೆ ಆವತ್ತಿನಿಂದ ಎಡಗಿವಿ ಕೇಳಿಸುವುದಿಲ್ಲ. “ಕೆಲಸ ಕೆಡಸ್ತಾನ ಅಂತ ಮಂದಿ ಬೈತಾರ್ರಿ. ನಾ ಮಾತ್ರ ಕುಡಗೋಲ ಅಲ್ಲೇ ಒಗದು ಊರಿಗೆ ಓಡತೇನಿ. ನಾ ಕಣ್ಣಾರೆ ನೋಡೇನಲ್ಲ.”

ವರ್ಷದ ಕೊನೆಗೆ ಕೇಂದ್ರ ಬೇರೆ ಜಿಲ್ಲೆಗೆ ಹೋಗಲಿದೆ. ಮಾಳಿಂಗರಾಯ ಮೇಲಿನವರಿಗೆ ಒಂದು ಅರ್ಜಿ ಬರೆದಿದ್ದಾರೆ. ಉತ್ತರ ಬಂದಿಲ್ಲ.

“ಕ್ಯಾಮರಾ ಒಯ್ಯಲ್ರಿ, ನಂಗೇನ ಮಾಡೂದೈತಿ. ಮೀಟರ್ ಒಂದು ಇಲ್ಲೇ ಬಿಡ್ರಿ ಅಂತ ಕೇಳೇನಿ. ನೋಡಾಕ ಪಗಾರ ಬ್ಯಾಡ. ಮುಳ್ಳು ಕೆಂಪು ದಾಟಿದ್ರ ಫೋನ್ ಹಚ್ಚತೇನಿ. ಇನ್ನ ನಾ ಬರಕೋತ ಕುಂದ್ರಂಗಿಲ್ರಿ.”