ಎಳ್ಳಷ್ಟು ಭಾರದ ದೀಪ

ಹೋದ ತಿಂಗಳು ಹುಕ್ಕೇರಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹಿಂದಿನ ಬಯಲಿನಲ್ಲಿ ಗುಜರಿಯವನೊಬ್ಬ ಹಳೆಯ ವಾಯರಿನ ಸಿಂಬೆಗಳಿಗೆ ಬೆಂಕಿ ಹಚ್ಚಿ ಒಳಗಿನ ತಾಮ್ರ ಬಿಡಿಸುತ್ತಿದ್ದ. ರಬ್ಬರು ಮತ್ತು ಅದರ ಮೇಲಿನ ನೂಲು ಒಟ್ಟಿಗೆ ಸುಡುವ ಆ ವಾಸನೆ ಮೂಗಿಗೆ ಬಡಿಯಿತು. ಬಸ್ಸು ಬಂದು ಹೋದದ್ದೂ ನನಗೆ ತಿಳಿಯಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ, ಗೋಕಾಕದ ನಮ್ಮ ಮನೆಗೆ ಕರೆಂಟು ಬಂದ ಹೊಸತರಲ್ಲಿ, ನಾನು ಎದ್ದರೆ ಬಿದ್ದರೆ ಮೂಗು ಎತ್ತಿ ಹುಡುಕುತ್ತಿದ್ದ ವಾಸನೆ ಅದು.

ಏನೇನು ಆಗಬಹುದಿತ್ತು... ತಂತಿ ಹಾಯಿಸಿದ ಕಟ್ಟಿಗೆಯ ಪಟ್ಟಿಯೊಳಗೆ ಬೆಂಕಿ ಹೊತ್ತಿ ತೊಲೆಗೆ ಏರಬಹುದಿತ್ತು. ಮಳೆಗೆ ಮಣ್ಣಿನ ಗೋಡೆ ನೆನೆದು ಇಡೀ ಗೋಡೆಯೇ ಷಾಕ್ ಹೊಡೆಯಬಹುದಿತ್ತು. ಸಿಡಿಲು ತಂತಿ ಹಿಡಿದು ನೇರ ನಡುಮನೆಗೆ ಇಳಿಯಬಹುದಿತ್ತು. ಬಲ್ಬು ಒಡೆದರೆ ಒಳಗಿದ್ದ ಕರೆಂಟು ಕೆಳಗೆ ಕೂತವರ ನೆತ್ತಿಯ ಮೇಲೆ ಸುರಿಯಬಹುದಿತ್ತು. ಎಮ್ಮೆ ಕಂಬಕ್ಕೆ ಮೈ ತಿಕ್ಕಿ ಅಲ್ಲೇ ಬೀಳಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಅವ್ವ ಈ ದೀಪ ತನಗೆ ಬೇಡವೆಂದು ಬಿಡಬಹುದಿತ್ತು.

ಅವ್ವನಿಗಾಗಿಯೇ ನಾನು ಕರೆಂಟು ಹಾಕಿಸಲು ಹೊರಟಿದ್ದು. ಅವಳ ಎರಡೂ ಕಣ್ಣುಗಳಿಗೆ ಪೊರೆ ಬರುತ್ತಿತ್ತು. ದಪ್ಪ ಗೋಡೆಯ, ಕಿಂಡಿಯಷ್ಟೇ ಕಿಟಕಿಯ ನಮ್ಮ ನಡುಮನೆಯಲ್ಲಿ ಮಳೆಗಾಲದ ಮಧ್ಯಾಹ್ನವೂ ಮುಸ್ಸಂಜೆಯಂತೆಯೇ. ಚಾತುರ್ಮಾಸದ ನಾಲ್ಕು ತಿಂಗಳು ದಿನಾ ಪುರಾಣ ಓದುವುದು ಅವಳು ಮದುವೆಯಾಗಿ ಬಂದಾಗಿನಿಂದ ಹಿಡಿದ ನಿಯಮ. ಆದರೆ ಮಳೆಗಾಲದಲ್ಲಿ ಎಣ್ಣೆಯ ದೀಪ ಹಚ್ಚಿದರೆ ಹುಳ ಬಿದ್ದು ಸಾಯುತ್ತವೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಊಟವನ್ನೇ ಮಾಡದವರು. ದೀಪ ಹಚ್ಚದಿದ್ದರೆ ಅಕ್ಷರ ಕಾಣದು, ಹಚ್ಚಿದರೆ ಜೀವ ಹೋಗುತ್ತದೆ. ಆ ವರ್ಷ ಅವಳು ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದುವುದನ್ನು ನೋಡಿದೆ. ಕನ್ನಡ ಸಾಲಿ ಮಾಸ್ತರನಾದ ನಾನು ಓದಿ ಹೇಳುತ್ತೇನೆ ಎಂದರೆ, "ನೀ ಓದಿದ್ರ ಹಾಜರಿ ಕರದಂಗ ಇರ್ತೈತಿ" ಎನ್ನುತ್ತಿದ್ದಳು.

ಆಗ ಬಂದವರು, ಮನೆಗೆ ತಂತಿ ಹಾಯಿಸಲು, ವಾಯರಮನ್ನರು.

ಘಟಪ್ರಭೆ ಹೊಳೆ ಧುಮುಕುವ ಧಬಧಬೆಯ ಹತ್ತಿರ, ನೀರಿನಿಂದ ಚಕ್ರ ತಿರುಗಿಸಿ ಕರೆಂಟು ಮಾಡುವ ಮನೆಯಲ್ಲಿ ಬಹಳ ವರ್ಷ ದುಡಿದು ಬಿಟ್ಟಿದ್ದ, ಐವತ್ತರ ಆಸುಪಾಸಿನ ಮನುಷ್ಯ. ಬಣಜಿಗರ ಪೈಕಿ, ಒಂಟಿ ಜೀವ. ಏಣಿ ಹತ್ತುವ ಮೊದಲು ಕೊರಳಿನ ಲಿಂಗವನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು, ಆಮೇಲೆ ಜೇಬನ್ನು. ಜೇಬಿನಲ್ಲಿ ನಮ್ಮ ಮನೆಯ ಫ್ಯೂಜು ಇರುತ್ತಿತ್ತು. ಕೆಲಸಕ್ಕೆ ಮುಂಚೆ ಅದನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಳ್ಳುವುದು ಅವರ ಪದ್ಧತಿ.

"ಮ್ಯಾಲ ನಾ ಇರೂವಾಗ ಕೆಳಗ ಯಾರರೆ ಶಾಣ್ಯಾರು ಸ್ವಿಚ್ ಒತ್ತತಾರ್ರಿ" ಎಂದರು, ನನ್ನನ್ನೇ ನೋಡುತ್ತ.

ನಾನು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಸ್ವಿಚ್ಚಿನ ಪೆಟ್ಟಿಗೆಯ ತೆರೆದ ತೂತಿನಿಂದ ಕರೆಂಟು ಸೋರುವುದಿಲ್ಲವೇ? ಸೋರಬಾರದೆಂದು ನಾನು ಅದಕ್ಕೆ ಅರಳೆ ತುರುಕಿದ್ದೆ. ಅವರು ಕಡ್ಡಿಯಿಂದ ಅರಳೆ ತೆಗೆದು, ನಗದೆ, "ಸೋರಾಕ ಅದೇನ ನೀರ ಅಲ್ರಿ. ಹೋಗಾಕ ದಾರಿ, ಬರಾಕ ದಾರಿ ಎರಡೂ ಇದ್ರಷ್ಟ ಹೊಂಡತೈತಿ" ಎಂದರು. ಹಾಗಾದರೆ ತಂತಿಯ ಮೇಲೆ ಕೂತ ಗುಬ್ಬಿ ಯಾಕೆ ಸಾಯುವುದಿಲ್ಲ? "ಅದು ಒಂದ ತಂತಿ ಮ್ಯಾಲ ಕುಂತೈತಿ. ಎರಡನೇದ್ದು ಮುಟ್ಟಿಲ್ಲ, ನೆಲಾನೂ ಮುಟ್ಟಿಲ್ಲ. ಅದರ ಮೈಯಾಗ ಹಾದು ಎಲ್ಲಿಗೆ ಹೋಗಬೇಕ್ರಿ ಕರೆಂಟು? ನೀವು ನೆಲದ ಮ್ಯಾಲ ನಿಂತೀರಿ, ನಿಮಗ ಆ ಗುಬ್ಬಿ ಧೈರ್ಯ ಬ್ಯಾಡ."

"ಇವರ ಹೆದರಿಕೀಗೂ ಒಂದು ಮೀಟರ್ ಕುಂದ್ರಸ್ರಿ" ಎಂದು ಒಳಗಿನಿಂದ ನನ್ನ ಹೆಂಡತಿ ಅಂದಳು. "ತಿಂಗಳಾ ಎಷ್ಟು ಓಡತೈತಿ ನೋಡೋಣು."

ಅವ್ವ ಮಾತ್ರ ಎರಡು ದಿನ ಗೋಡೆಗೆ ಒರಗಿ ಸುಮ್ಮನೆ ಕೇಳುತ್ತಿದ್ದಳು. ಮೂರನೆಯ ದಿನ ಅವಳೂ ಶುರು ಮಾಡಿದಳು. ಅವಳಿಗೆ ಹೆದರಿಕೆ ಇರಲಿಲ್ಲ, ತಿಳಿಯಬೇಕಿತ್ತು.

"ತಮ್ಮಾ, ಒಂದು ತಂತ್ಯಾಗ ಹೋಗಿದ್ದು ಇನ್ನೊಂದರಾಗ ಪೂರಾ ತಿರುಗಿ ಹೋಗತೈತಿ ಅಂತಿ. ಹಂಗಾರ ನಾವು ಬಳಸಿದ್ದು ಏನು?"

ವಾಯರಮನ್ನರು ಕೈಲಿದ್ದ ಇಕ್ಕಳ ಕೆಳಗಿಟ್ಟರು. "ಗಾಣದ ಎತ್ತು ನೋಡ್ರಿ ಅವ್ವಾರ. ಸುತ್ತ ಹೊಡದು ಹೊಂಟಲ್ಲಿಗೇ ಬರತೈತಿ. ಎತ್ತು ಕಡಿಮಿ ಆಗಿರೂದಿಲ್ಲ, ಆದ್ರ ಎಣ್ಣಿ ಬಂದಿರತೈತಿ. ಎತ್ತು ಬಳಸೂದಿಲ್ಲ, ಅದರ ದುಡಿಮಿ ಬಳಸತೀವಿ."

ಅವ್ವ ತಲೆದೂಗಿದಳು. ನಾನು ನಿಟ್ಟುಸಿರು ಬಿಟ್ಟೆ. ಬಿಡಬಾರದಿತ್ತು, ಯಾಕೆಂದರೆ ಮರುಗಳಿಗೆಯಲ್ಲೇ ಅವಳ ನಿಜವಾದ ಪ್ರಶ್ನೆ ಬಂತು.

"ಆ ಎತ್ತನ್ನ ದುಡಿಸೂದು ನೀರಲ್ಲ? ಹೊಳಿ ನೀರು. ಅದನ್ನ ಯಾರರೆ ಸೋಸತಾರೇನು?"

ನಮ್ಮ ಮನೆಯಲ್ಲಿ ಬಾಯಿಗೆ ಹೋಗುವ ನೀರಷ್ಟೇ ಅಲ್ಲ, ಕಾಲು ತೊಳೆಯುವ ನೀರೂ ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ ಬರಬೇಕು. ಬಟ್ಟೆಯಲ್ಲಿ ಉಳಿದದ್ದನ್ನು ಅದೇ ಬಾವಿಗೆ ಮೆಲ್ಲಗೆ ಬಿಡಬೇಕು. ಈಗ ಅವ್ವ ಕೇಳುತ್ತಿದ್ದದ್ದು ಘಟಪ್ರಭೆಯನ್ನೇ ಸೋಸಿದ್ದೀರಾ ಎಂದು. ಆ ಚಕ್ರಕ್ಕೆ ಎಷ್ಟು ಮೀನು ಸಿಗುತ್ತವೆ, ಎಷ್ಟು ಸಾಯುತ್ತವೆ? ಅದು ತಿಳಿಯದೆ ತಾನು ಆ ದೀಪದ ಕೆಳಗೆ ಕೂತು ಅಹಿಂಸೆಯ ಪುರಾಣ ಓದುವುದು ಹೇಗೆ?

"ನನಗ ಗೊತ್ತಿಲ್ರಿ ಅವ್ವಾರ" ಎಂದರು ವಾಯರಮನ್ನರು. "ನಾ ಒಳಗ ತಂತಿ ನೋಡಕೊಂಡ ಇದ್ದಾಂವ. ನೀರಿನ ಕಡೆ ನೋಡಿಲ್ಲ. ಹೋಗಿ ನೋಡಿ ಹೇಳ್ತೇನಿ."

ಅವರು ಸೈಕಲ್ ಏರುವ ಮೊದಲೇ ಬೀದಿಯ ತಿರುವಿನಲ್ಲಿ ಅಡ್ಡಗಟ್ಟಿದೆ. ಮಾಸ್ತರನಾಗಿ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿದೆ.

"ಒಂದ್ ಮೀನೂ ಸಾಯೂದಿಲ್ಲ ಅಂದುಬಿಡ್ರಿ. ಆಕಿ ಕಣ್ಣು ಇನ್ನ ಎರಡು ವರ್ಷ ನಡೀತಾವೋ ಇಲ್ಲೋ. ಓದಾಕರೆ ಓದ್ಲಿ."

ಅವರು ಪೆಡಲಿನ ಮೇಲಿಟ್ಟ ಕಾಲು ತೆಗೆದರು. "ಮಾಸ್ತರ್ರ, ಇದೊಂದು ಸುಳ್ಳ ಹೇಳಿದೆ ಅಂತ ಇಟಗೋರಿ. ಮುಂದ ಅದು ಅವರಿಗೆ ತಿಳೀತು. ಆಮ್ಯಾಲ ಹಸಿ ಕೈಲೆ ಸ್ವಿಚ್ ಮುಟ್ಟಬ್ಯಾಡ್ರಿ ಅಂದ್ರ ಅದನ್ನೂ ಸುಳ್ಳ ಅಂತ ತಿಳಕೋತಾರ. ಆವಾಗ ಏನ್ ಮಾಡೂಣು?"

ನನ್ನ ಚಿಂತೆಯ ಪಟ್ಟಿಗೆ ಇದೊಂದು ಹೊಸದು ಸೇರಿತು.

ಹದಿನೈದು ದಿನ ಅವರ ಸುದ್ದಿ ಇಲ್ಲ. ಅಷ್ಟೂ ದಿನ ಬಲ್ಬು ನಡುಮನೆಯ ತೊಲೆಗೆ ಕುರುಡಾಗಿ ಜೋತುಬಿದ್ದಿತ್ತು. ಬಂದವರು ಬಾಗಿಲಲ್ಲೇ ನಿಂತು ಹೇಳಿದರು. ಚಕ್ರಕ್ಕೆ ನೀರು ಒಯ್ಯುವ ಕೊಳವೆಯ ಬಾಯಿಗೆ ಕಬ್ಬಿಣದ ಜಾಳಿಗೆ ಇದೆ, ಎಲೆ ಕಸ ಕಡ್ಡಿ ದೊಡ್ಡ ಮೀನು ಅಲ್ಲೇ ತಡೆಯುತ್ತವೆ. ಸಣ್ಣವು ತೂರಿ ಹೋಗುತ್ತವೆ. ಹೊರಗೆ ಬೀಳುವ ಕಡೆ ಅರ್ಧ ದಿನ ಕೂತು ನೋಡಿದ್ದರು.

"ಕೆಲವು ಜೀವಂತ ಬರತಾವ್ರಿ. ಕೆಲವು ಇಲ್ಲ."

"ಕೆಲವು ಅಂದ್ರ?"

"ಎಣಿಸಾಕ ಆಗಲಿಲ್ರಿ."

ಅವ್ವ ತೊಲೆಗೆ ಜೋತುಬಿದ್ದ ಬಲ್ಬಿನ ಕಡೆ ಮುಖ ಎತ್ತಿದಳು. ಆಮೇಲೆ, "ನಾ ದೀಪ ಹಚ್ಚಲಿಲ್ಲಂದ್ರ ಚಕ್ರ ನಿಲ್ಲತೈತೇನು?" ಎಂದು ಕೇಳಿದಳು. ನಿಲ್ಲುವುದಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗಲಿ ದೇವರೇ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ಇಲ್ರಿ, ನಿಲ್ಲೂದಿಲ್ಲ" ಎಂದರು ಅವರು. ಸ್ವಲ್ಪ ತಡೆದು, "ಆದ್ರ ನೀವು ಹಚ್ಚಿದಾಗ ನಿಮ್ಮ ದೀಪದ ಭಾರ ಒಂದ್ ಎಳ್ಳಷ್ಟು ಚಕ್ರದ ಮ್ಯಾಲ ಬೀಳತೈತ್ರಿ. ಅಷ್ಟು ನೀರು ಹೆಚ್ಚಿಗಿ ಬೇಕಾಗತೈತಿ. ಅದಂತೂ ಖರೆ."

ನಾನು ಕಣ್ಣು ಮುಚ್ಚಿಕೊಂಡೆ. ಆದರೆ ಅವ್ವನ ದನಿ ಹಗುರವಾಗಿತ್ತು. "ಎಳ್ಳಷ್ಟು. ಹಂಗಾರ ನನ್ನ ಪಾಲು ಎಷ್ಟಂತ ತಿಳೀತು. ತಿಳದ ಮ್ಯಾಲ ಅದಕ್ಕ ಪ್ರಾಯಶ್ಚಿತ್ತ ಮಾಡಕೋಬಹುದು. ತಿಳೀಲಾರದ್ದಕ್ಕ ಏನ್ ಮಾಡಬೇಕು?" ಅಲ್ಲೇ ಕೂತು ನಿಯಮ ಕಟ್ಟಿಕೊಂಡಳು. ದಿನಕ್ಕೆ ಒಂದೇ ತಾಸು ದೀಪ, ಅದೂ ಹಗಲು. ಚಾತುರ್ಮಾಸ ಮುಗಿಯುವವರೆಗೆ ತನಗೆ ಮೊಸರಿಲ್ಲ.

ಫ್ಯೂಜು ಜೇಬಿನಿಂದ ಹೊರಬಂತು. ಹಸಿ ಕೈಲೆ ಸ್ವಿಚ್ ಮುಟ್ಟಬ್ಯಾಡ್ರಿ ಎಂದು ವಾಯರಮನ್ನರು ಅವ್ವನಿಗೆ ಹೇಳಿದರು. ದೀಪ ಹತ್ತಿತು. ಅವ್ವ ಪುಸ್ತಕವನ್ನು ಮೂಗಿನಿಂದ ಒಂದು ಗೇಣು ದೂರ ಹಿಡಿದಳು. ನಾನು ಬಲ್ಬನ್ನು ನೋಡಲಿಲ್ಲ, ಆ ಗೇಣನ್ನೇ ನೋಡುತ್ತಿದ್ದೆ.

ಒಂದು ವಾರ ಕಳೆಯಿತು. ರವಿವಾರ ವಾಯರಮನ್ನರು ಹೇಗಿದೆ ನೋಡೋಣ ಎಂದು ಬಂದರು. ನಡುಮನೆಗೆ ಕಾಲಿಟ್ಟವರು ಹಾಗೇ ನಿಂತುಬಿಟ್ಟರು. ಹುಳ ಬಿಸಿ ಗಾಜಿಗೆ ಬಡಿದು ಸಾಯಬಾರದೆಂದು ಅವ್ವ ಆಗಷ್ಟೇ ನೀರು ಸೋಸಿದ ಬಟ್ಟೆಯನ್ನು ಹಿಂಡಿ, ಮಣೆಯ ಮೇಲೆ ಮಣೆ ಇಟ್ಟು ಹತ್ತಿ, ಬಲ್ಬಿಗೂ ಅದರ ಹಿತ್ತಾಳೆಯ ಹಿಡಿಕೆಗೂ ಸೇರಿಸಿ ಸುತ್ತಿ ಗಂಟು ಹಾಕಿದ್ದಳು. ತುದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ನಾನು ಊರಿನ ಸಿಡಿಲನ್ನೆಲ್ಲ ಕಾಯುತ್ತಿದ್ದವನು, ಇದನ್ನು ನೋಡಿರಲೇ ಇಲ್ಲ. ಬಿಚ್ಚಲು ಕೈ ಚಾಚಿದ ನನ್ನ ರಟ್ಟೆಯನ್ನು ವಾಯರಮನ್ನರು ಹಿಡಿದು ಎಳೆದರು. ಓಡಿ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಂಡು ಬಂದು, ಒಣ ಹಲಗೆಯ ಮೇಲೆ ನಿಂತು, ಬಟ್ಟೆ ಬಿಚ್ಚಿದರು.

"ಹುಳ ಉಳಸಾಕ ಹೋಗಿ ನೀವು ಸಾಯ್ತಿದ್ರಿ ಅವ್ವಾರ" ಎಂದರು. ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಹುಳ ಉಳದಿದ್ವಲ್ಲ" ಎಂದಳು ಅವ್ವ. ಆಮೇಲೆ, ಅವರ ಮುಖ ನೋಡಿ, "ಹಸಿ ಕೈ ಅಂದಿದ್ದಿ. ಹಸಿ ಬಟ್ಟಿ ಅಂದಿರಲಿಲ್ಲ" ಎಂದು ಮೆತ್ತಗೆ ಸೇರಿಸಿದಳು.

ಅವರು ನೆಲದ ಮೇಲೆ ಕೂತು ಯೋಚಿಸಿದರು. "ಹೌದ್ರಿ. ಅದು ನನ್ನ ತಪ್ಪು." ಮರುದಿನ ಬಿದಿರಿನ ಸಲಾಕೆ ಬಾಗಿಸಿ, ಒಣ ಮಲಮಲ್ ಹೊದಿಸಿದ, ಕೋಳಿ ಮುಚ್ಚುವ ಬುಟ್ಟಿಯಂಥ ಒಂದು ಗೂಡು ತಂದರು. ಬಲ್ಬಿಗೆ ಎಲ್ಲೂ ತಾಗದಂತೆ ಅದನ್ನು ತೊಲೆಯಿಂದ ಇಳಿಬಿಟ್ಟರು. ಹುಳಗಳು ಬಟ್ಟೆಯ ಮೇಲೆ ಕೂತು ಬೆಳಕು ನೋಡಿಕೊಂಡು ಹೋಗುತ್ತಿದ್ದವು.

ಅಲ್ಲಿಂದ ಪ್ರತಿ ರವಿವಾರ ಫ್ಯೂಜು ನೋಡುವ ನೆಪದಲ್ಲಿ ಬರುತ್ತಿದ್ದರು. ಫ್ಯೂಜು ನೋಡಲು ಎರಡು ನಿಮಿಷ ಸಾಕು. ಉಳಿದ ಹೊತ್ತು ಬಾಗಿಲ ಬಳಿ ಕೂತು, ನನ್ನ ಹೆಂಡತಿ ಕೊಟ್ಟ ಬೆಲ್ಲ ನೀರು ಕುಡಿಯುತ್ತ, ಅವ್ವ ಓದುವುದನ್ನು ಕೇಳುತ್ತಿದ್ದರು. ಈಗ ಪ್ರಶ್ನೆ ಅವರದು.

"ಜೀವ ಅಂದ್ರ ಈ ಕರೆಂಟ್ ಇದ್ದಂಗೇನ್ರಿ ಅವ್ವಾರ? ಕಾಣೂದಿಲ್ಲ, ಇದ್ರ ಎಲ್ಲಾ ನಡೀತೈತಿ?"

"ನನಗ ಗೊತ್ತಿಲ್ಲ ತಮ್ಮಾ. ಕೇಳಿ ಹೇಳ್ತೇನಿ" ಎನ್ನುತ್ತಿದ್ದಳು ಅವ್ವ, ಥೇಟ್ ಅವರ ಹಾಗೆಯೇ. ಬಸದಿಗೆ ಬಂದ ಮುನಿಗಳನ್ನು ನಿಜವಾಗಿಯೂ ಕೇಳಿಕೊಂಡು ಬಂದು ಹೇಳಿದ್ದಳು. ಏನು ಹೇಳಿದಳೋ... ಆ ರವಿವಾರ ನಾನು ಮೀಟರಿನ ಮುಂದೆ ನಿಂತು, ದೀಪ ಆರಿಸಿದ ಮೇಲೂ ಅದು ತಿರುಗುತ್ತಿದೆಯೋ ಎಂದು ನೋಡುತ್ತಿದ್ದೆ.

ಹೀಗೆ ನಾಲ್ಕು ಮಳೆಗಾಲ. ನಡುವೆ ಎರಡನೆಯ ಮಹಾಯುದ್ಧ ಶುರುವಾಗಿತ್ತು. ವರ್ಷದಿಂದ ವರ್ಷಕ್ಕೆ ಪುಸ್ತಕ ಮತ್ತೆ ಮೂಗಿನ ಹತ್ತಿರ ಬರುತ್ತಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಯಾರೂ ಆಡಲಿಲ್ಲ.

ಐದನೆಯ ವರ್ಷ, ಶ್ರಾವಣದ ಒಂದು ರವಿವಾರ. ಹೊರಗೆ ಜಿಟಿಜಿಟಿ ಮಳೆ. ನಾನು ಸ್ವಿಚ್ ಒತ್ತಿದೆ, ದೀಪ ಹತ್ತಿತು. ಅವ್ವ ಪುಸ್ತಕ ಬಿಚ್ಚಿದಳು, ಹಾಳೆ ತಿರುವಿದಳು, ತಲೆ ಎತ್ತಿದಳು.

"ಇವತ್ತ ಕರೆಂಟ್ ಹೋಗೈತೇನು?"

ನಾನು ವಾಯರಮನ್ನರ ಕಡೆ ನೋಡಿದೆ. ಹೌದು ಎನ್ನಿ ಎಂದು ಕೈಸನ್ನೆ ಮಾಡಿದೆ. ಹೋಗೈತಿ ಅಂದುಬಿಟ್ಟರೆ ಇವತ್ತಿನ ಮಟ್ಟಿಗೆ ಆಯಿತು, ನಾಳೆಯದು ನಾಳೆ. ಬೆಲ್ಲ ನೀರಿನ ಲೋಟ ಅವರ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟು, ಎದ್ದು ಬಂದು ಅವ್ವನ ಮುಂದೆ ಕೂತರು.

"ಇಲ್ರಿ ಅವ್ವಾರ. ದೀಪ ಉರಿಯಾಕತ್ತೈತಿ."

ಅವ್ವ ಪುಸ್ತಕ ಮುಚ್ಚಿ ಅದರ ಮೇಲೆ ಕೈ ಇಟ್ಟಳು. "ಹಂಗೇನು" ಎಂದಳು. ಆಮೇಲೆ, "ಆರಸು ತಮ್ಮಾ ಹಂಗಾರ. ಸುಮ್ಮ ಸುಮ್ಮನ ಮೀನ ಯಾಕ ಸಾಯಬೇಕು."

ದೀಪ ಆರಿಸಿದ್ದು ವಾಯರಮನ್ನರೇ. ನನಗೆ ಆಗಲಿಲ್ಲ.

ನಡುಮನೆಯ ದೀಪ ನಿಂತ ಮೇಲೆ ರವಿವಾರದ ನೆಪವೂ ನಿಂತಿತು. "ಇವತ್ತ ರವಿವಾರಲ್ಲ?" ಎಂದು ಅವ್ವ ಎರಡು ಮೂರು ಸಲ ಕೇಳಿದಳು. ಅವರಿಗೆ ಕೆಲಸ ಬಹಳ ಇರಬೇಕು ಎಂದೆ. ಪುರಾಣವನ್ನು ನಾನೇ ಓದತೊಡಗಿದೆ, ಹಾಜರಿ ಕರೆದ ಹಾಗೆಯೇ. ಅವರಿದ್ದ ಖೋಲಿ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ. ನಾಳೆ ಹೋಗೋಣ, ಮಳೆ ನಿಲ್ಲಲಿ... ದೀಪಾವಳಿ ಮುಗಿದ ಮೇಲೆ ಹೋದೆ. ಬೀಗ ಹಾಕಿತ್ತು. ಜ್ವರ ಬಿದ್ದಿತ್ತು, ಅಂಕಲಗಿಯಿಂದ ತಂಗಿ ಬಂದು ಚಕ್ಕಡಿಯಲ್ಲಿ ಕರೆದುಕೊಂಡು ಹೋದಳು, ಅಲ್ಲೇ ತೀರಿಕೊಂಡರು ಎಂದು ಬಾಜೂ ಮನೆಯವರು ಹೇಳಿದರು. ಅವ್ವನಿಗೆ ಹೇಳಿದೆ, ಸುಳ್ಳು ಹೇಳಲಿಲ್ಲ. ಅವಳೂ ಮುಂದಿನ ವರ್ಷ ಹೋದಳು.

ಈಗ ನನ್ನ ಮನೆಯಲ್ಲಿ ಕೋಣೆಗೊಂದು ದೀಪ. ಮೊಮ್ಮಕ್ಕಳು ಬರಿಗಾಲಲ್ಲಿ ಓಡಿಬಂದು ಸ್ವಿಚ್ ಒತ್ತುತ್ತವೆ, ನಾನು ಕೂಗುತ್ತೇನೆ, ಯಾರೂ ಕೇಳುವುದಿಲ್ಲ, ಯಾರಿಗೂ ಏನೂ ಆಗುವುದಿಲ್ಲ. ಅಷ್ಟೊಂದು ಹೆದರಿದವನಿಗೆ ಕರೆಂಟು ಒಂದು ಸಣ್ಣ ಷಾಕನ್ನೂ ಹೊಡೆದಿಲ್ಲ. ತಪ್ಪು ನಡೆದದ್ದು ಒಂದೇ, ಅದನ್ನು ನಾನು ಹುಕ್ಕೇರಿಯಲ್ಲಿ ಬಸ್ಸು ತಪ್ಪಿಸಿಕೊಂಡು ನಿಂತಾಗ ಮತ್ತೆ ಕಂಡೆ. ಆ ಶ್ರಾವಣದ ಮಧ್ಯಾಹ್ನ ವಾಯರಮನ್ನರು ಹೊಸ್ತಿಲಲ್ಲಿ ಕೊಡೆ ಬಿಚ್ಚಿ, "ಬರ್ತೇನ್ರಿ ಮಾಸ್ತರ್ರ" ಎಂದರು. ಒಂದು ಗಳಿಗೆ ನಿಂತರು ಕೂಡ.

"ಹುಷಾರ್ರಿ, ದಾರ್ಯಾಗ ಎಲ್ಲೆರೆ ತಂತಿ ಹರದು ಬಿದ್ದಿರತಾವ" ಎಂದೆ.

ಮುಂದಿನ ರವಿವಾರ ಬರ್ರಿ ಎನ್ನಲಿಲ್ಲ.