ಅಮ್ಮ ಒಣಗಲು ಬಿಟ್ಟ ಬೇರಿಂಗು

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಯಾವ ಬಾಗಿಲೂ ಕಿರುಗುಟ್ಟುತ್ತಿರಲಿಲ್ಲ. ಬಾಗಿಲುಗಳಿಗೂ ದನಿ ಇರುತ್ತದೆಂದು ನನಗೆ ಗೊತ್ತಾದದ್ದೇ ಶಾಲೆಗೆ ಸೇರಿ, ಗೆಳತಿಯ ಮನೆಗೆ ಆಡಲು ಹೋದ ಮೇಲೆ. ನಮ್ಮಲ್ಲಿ ಕಿಟಕಿಯ ಚಿಲಕ, ಹೊಲಿಗೆ ಯಂತ್ರದ ಪೆಡಲು, ಕತ್ತರಿಯ ತಿರುಪು, ನನ್ನ ಸೈಕಲ್ಲಿನ ಚೈನು ಎಲ್ಲಕ್ಕೂ ಅಮ್ಮನ ಎಣ್ಣೆ ಡಬ್ಬಿಯ ಮೂತಿ ತಾಗಿರುತ್ತಿತ್ತು. ಮಗು ಹೆಚ್ಚು ಅತ್ತರೆ ಅದರ ಬಾಯಿಗೂ ಒಂದು ತೊಟ್ಟು ಬಿಟ್ಟಾಳು ಎಂದು ಅಪ್ಪ ನೆಂಟರೆದುರು ತಮಾಷೆ ಮಾಡುತ್ತಿದ್ದರು.

ಅಮ್ಮನದು ಸೋಪಿನ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಎಣ್ಣೆ, ಗ್ರೀಸು ಹಾಕುವ ಕೆಲಸ. ಅಲ್ಲಿ ಅವಳ ಹೆಸರೇ ಎಣ್ಣೆಯಕ್ಕ. ಅಪ್ಪ ಅದೇ ಕಾರ್ಖಾನೆಯ ಫಿಟ್ಟರ್. ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದುದರಿಂದ ಅವರನ್ನು ಎಲ್ಲರೂ ಡಾಕ್ಟರ್ ಎನ್ನುತ್ತಿದ್ದರು. ಇಬ್ಬರೂ ದಿನವಿಡೀ ಸೋಪಿನ ಘಮದಲ್ಲೇ ಇದ್ದರೂ ಇಬ್ಬರ ಉಗುರೂ ಕಪ್ಪು. "ಊರಿಗೆಲ್ಲ ಸೋಪು, ನಮ್ಮನೇಗೆ ಮಸಿ" ಎಂದು ಅಜ್ಜಿ ಗೊಣಗುತ್ತಾ ಟವೆಲು ಒಗೆಯುತ್ತಿದ್ದಳು.

ಮೊದಲು ಅಮ್ಮ ಅಲ್ಲಿ ಪ್ಯಾಕಿಂಗ್ ಮೇಜಿನಲ್ಲಿದ್ದಳು. ಸೋಪು ತುಂಬಿದ ಪೆಟ್ಟಿಗೆಗಳು ಆ ಮೇಜಿನಿಂದ ಒಂದು ಉದ್ದನೆಯ ಬೆಲ್ಟಿನ ಮೇಲೆ ಸಾಗಿ, ಲಾರಿಗಳು ನಿಲ್ಲುವ ಕಟ್ಟೆಗೆ ಹೋಗುತ್ತಿದ್ದವು. ಆ ಬೆಲ್ಟಿಗೆ ಬುದ್ಧಿ ಎಂಬುದೇ ಇರಲಿಲ್ಲ. ಮನಸ್ಸು ಬಂದರೆ ಓಡುವುದು, ಇಲ್ಲದಿದ್ದರೆ ಕಟ್ಟೆಯ ಮುಂದೆ ಲಾರಿಗಳು ಸಾಲುಗಟ್ಟಿರುವಾಗಲೇ ಮುಷ್ಕರ ಹೂಡುವುದು. ಆಗ ಯಾರಾದರೂ ನಮ್ಮ ಮನೆಗೆ ಓಡಿ ಬಂದು ಕದ ಬಡಿಯುತ್ತಿದ್ದರು. ಅಪ್ಪ ತಟ್ಟೆಯಲ್ಲೇ ಕೈ ತೊಳೆದು, ಸ್ಪ್ಯಾನರ್ ಚೀಲ ಹೆಗಲಿಗೇರಿಸಿ, ಮದುಮಗನ ಹಾಗೆ ಹೊರಡುತ್ತಿದ್ದರು. ಅವರು ಬರುವುದು ಕಂಡರೆ ಲಾರಿ ಡ್ರೈವರುಗಳು ದಾರಿ ಬಿಟ್ಟು ನಿಲ್ಲುತ್ತಿದ್ದರಂತೆ.

ನಮಗೆ ಸುಗ್ಗಿ ಅಂದರೆ ಆಮೇಲಿನ ಊಟದ ಹೊತ್ತು. ಬೆಲ್ಟು ಎಲ್ಲಿ ಸಿಕ್ಕಿಕೊಂಡಿತ್ತು, ಮೇಲಿನವರು ಹೇಗೆ ಬೆವರಿದರು, ತಾನು ಹೇಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬೆಲ್ಟಿನ ಉರುಳೆ ತಿರುಗುವ ಬೇರಿಂಗು ಹೊರಗೆಳೆದೆ ಎಂದು ಅಪ್ಪ ತುತ್ತು ಕೈಯಲ್ಲೇ ಹಿಡಿದು ಹೇಳುತ್ತಿದ್ದರು. ಅಮ್ಮ ಅದೇ ಬೆಲ್ಟಿನ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕಣ್ಣಾರೆ ಕಂಡವಳು. ಆದರೂ ಬಾಯಿ ತೆರೆದು ಕೇಳುವಳು, ಕಥೆ ಎಲ್ಲಾದರೂ ನಿಂತರೆ "ಆಮೇಲೆ?" ಎಂದು ಮುಂದಕ್ಕೆ ತಳ್ಳುವಳು.

ಹಾಗಿರುವಾಗ ಹೊಸ ಮ್ಯಾನೇಜರು ಬಂದರು. ಕಡಿಮೆ ಮಾತಿನ ಮನುಷ್ಯ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಇನ್ನು ಸಾಕು, ಯಂತ್ರ ಕೆಡುವ ಮೊದಲೇ ಅದರ ಯೋಗಕ್ಷೇಮ ನೋಡೋಣ ಎಂದರು. ದಿನಾ ಸುತ್ತು ಹೊಡೆದು, ಪ್ರತಿ ಬೇರಿಂಗನ್ನೂ ಮುಟ್ಟಿ ಕೇಳಿ, ಗ್ರೀಸು ಹಾಕಲು ಒಬ್ಬರು ಬೇಕು, ಯಾರು ಬರುತ್ತೀರಿ ಎಂದು ಪ್ಯಾಕಿಂಗಿನವರನ್ನು ಕೇಳಿದರು. ಕೈ ಕಪ್ಪಾಗುತ್ತದೆಂದು ಎಲ್ಲರೂ ನೆಲ ನೋಡಿದರು. ಡಾಕ್ಟರ ಹೆಂಡತಿಗೆ ಕಪ್ಪು ಹೊಸದೇ? ಅಮ್ಮ ಕೈ ಎತ್ತಿದಳು.

ಮ್ಯಾನೇಜರು ಜೊತೆಗೆ ನಿಂತು ಕಲಿಸಿದರು. ಬೇರಿಂಗಿನ ಗೂಡಿನ ಮೇಲೆ ಅಂಗೈ ಇಟ್ಟು ಬಿಸಿ ನೋಡುವುದು, ಉದ್ದನೆಯ ಸ್ಕ್ರೂಡ್ರೈವರಿನ ತುದಿ ಅದಕ್ಕೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿ ಒಳಗಿನ ಸದ್ದು ಕೇಳುವುದು, ಗ್ರೀಸು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ ಎಂಬುದು ಎಲ್ಲ ಅವರಿಂದ ಬಂದ ವಿದ್ಯೆ. ಅಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಲಿತಳು. ಒಂದು ದಿನವೂ ಒಂದು ಬೇರಿಂಗನ್ನೂ ಮರೆತವಳಲ್ಲ.

ನೋಡನೋಡುತ್ತಲೇ ಬೆಲ್ಟಿಗೆ ಬುದ್ಧಿ ಬಂತು. ಲಾರಿಗಳು ಹೇಳಿದ ಹೊತ್ತಿಗೆ ಹೊರಡತೊಡಗಿದವು. ಲೋಡಿಂಗಿನವರು ಬೆಳಕಿರುವಾಗಲೇ ಮನೆ ಸೇರತೊಡಗಿದರು. ಕಾರ್ಖಾನೆಯಲ್ಲಿ ಎಲ್ಲರಿಗೂ ಒಳ್ಳೆಯದಾಯಿತು, ನಮ್ಮಪ್ಪನೊಬ್ಬರನ್ನು ಬಿಟ್ಟು.

ನಮ್ಮ ಮನೆಯ ಕದ ಬಡಿಯುವವರು ನಿಂತುಹೋದರು. ಅಪ್ಪ ದಿನವಿಡೀ ಟೂಲ್ ರೂಮಿನಲ್ಲಿ ಕೂತು, ಹೊಳೆಯುವ ಸ್ಪ್ಯಾನರನ್ನೇ ಮತ್ತೆ ಉಜ್ಜುತ್ತಿದ್ದರು. ಊಟಕ್ಕೆ ಕೂತರೆ ಕಥೆಯಿಲ್ಲ. ಅಮ್ಮ ಅಭ್ಯಾಸಬಲದಿಂದ "ಆಮೇಲೆ?" ಎಂದರೆ, "ಆಮೇಲೇನು, ಏನೂ ಆಗಲಿಲ್ಲ" ಎಂದು ನೀರು ಕುಡಿದು ಏಳುವರು. ಅಮ್ಮನ ಮೇಲೆ ಸಿಟ್ಟಿತ್ತೇ ಎಂದರೆ ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ವಾಸಿಯಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಇದು ಜಗಳವೇ ಅಲ್ಲವಲ್ಲ. ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಾ ಅವರು ತಣ್ಣಗೆ ಹೇಳಿದರು. "ಕೆಲಸ ಬಿಟ್ಟುಬಿಡ್ತೀನಿ ಕಣೇ. ರೋಗಿ ಇಲ್ಲದ ಊರಲ್ಲಿ ಡಾಕ್ಟರಿಗೇನು ಕೆಲಸ?"

ಅಮ್ಮ ಅಂದೇ ಒಂದು ನಿರ್ಧಾರಕ್ಕೆ ಬಂದಳು. ಎಷ್ಟೋ ವರ್ಷಗಳ ಮೇಲೆ, ನನ್ನ ಮದುವೆಯಾದ ನಂತರ, ಬಟಾಣಿ ಸುಲಿಯುತ್ತಾ ತಾನೇ ನನಗಿದನ್ನು ಹೇಳಿದಳು. ಹೇಳುವಾಗಲೂ ನನ್ನ ಮುಖ ನೋಡಲಿಲ್ಲ.

ಕಟ್ಟೆಯ ಹಿಂಭಾಗದಲ್ಲಿ ಇನ್ನೊಂದು ಸಣ್ಣ ಬೆಲ್ಟಿತ್ತು. ಖಾಲಿ ಟ್ರೇಗಳು ಪ್ಯಾಕಿಂಗಿಗೆ ವಾಪಸು ಬರುತ್ತಿದ್ದುದು ಅದರ ಮೇಲೆ. ಅದು ನಿಂತರೆ ಯಾವ ಲಾರಿಯೂ ತಡವಾಗದು, ಯಾರ ಕೂದಲೂ ಕೊಂಕದು. ಅದರ ತುದಿಯ ಒಂದು ಬೇರಿಂಗಿಗೆ ಅಮ್ಮ ಗ್ರೀಸು ಹಾಕುವುದನ್ನು ಬಿಟ್ಟಳು. ದಿನಾ ಸುತ್ತು ಹೋಗುವಾಗ ಅದರ ಮುಂದೆ ನಿಲ್ಲುವಳು, ಸ್ಕ್ರೂಡ್ರೈವರ್ ಇಟ್ಟು ಕೇಳುವಳು, ಒಳಗೆ ಸದ್ದು ಒರಟಾಗುತ್ತಾ ಬರುವುದು ತಿಳಿಯುವುದು, ಹಾಗೇ ಮುಂದೆ ಹೋಗುವಳು. ಒಲೆಯ ಮೇಲಿನ ಹಾಲು ಉಕ್ಕುವುದನ್ನು ಬೇಕೆಂದೇ ನೋಡುತ್ತಾ ನಿಲ್ಲುವುದು ಅವಳಂಥವಳಿಗೆ ಎಂಥ ಶಿಕ್ಷೆಯೋ ನೀವೇ ಊಹಿಸಿ.

ಅವಳ ಲೆಕ್ಕ ತಪ್ಪಿದ್ದು ಒಂದೇ ಕಡೆ. ಯಂತ್ರಗಳು ನಿಲ್ಲದೆ ಓಡುತ್ತಿದ್ದುದರಿಂದ ಸೋಪು ಹೆಚ್ಚು ತಯಾರಾಗುತ್ತಿತ್ತು, ಲಾರಿಗಳೂ ಹೆಚ್ಚಾಗಿದ್ದವು. ಒಂದು ದಿನ ದೊಡ್ಡ ಬೆಲ್ಟು ಸಾಲದೆ, ಸಣ್ಣ ಬೆಲ್ಟನ್ನೇ ತಿರುವುಮುರುವಾಗಿ ಓಡಿಸಿ ತುಂಬಿದ ಪೆಟ್ಟಿಗೆಗಳನ್ನು ಅದರ ಮೇಲೂ ಕಳಿಸಿದರು. ಅಮ್ಮ ಆಗ ಕಾರ್ಖಾನೆಯ ಇನ್ನೊಂದು ತುದಿಯಲ್ಲಿದ್ದಳು. ಒಣಗಿದ ಬೇರಿಂಗು ಅಷ್ಟು ಭಾರ ತಾಳಲಿಲ್ಲ. ಚೀರಿ ಬಿಗಿದುಕೊಂಡಿತು. ಸುಟ್ಟ ವಾಸನೆ ಎದ್ದು, ಬೆಲ್ಟು ಪೆಟ್ಟಿಗೆಗಳ ಸಮೇತ ನಿಂತೇಬಿಟ್ಟಿತು.

ಅಮ್ಮ ಓಡಿ ಬರುವಷ್ಟರಲ್ಲಿ ಲೋಡಿಂಗಿನವರು ಪೆಟ್ಟಿಗೆಗಳನ್ನು ಹೊತ್ತೇ ಲಾರಿಗೆ ಸಾಗಿಸುತ್ತಿದ್ದರು. ಅವರಲ್ಲೊಬ್ಬ ಮುದುಕನಿದ್ದ. ಬೆಲ್ಟು ಸರಿಯಾಗಿ ಓಡತೊಡಗಿದ ಮೇಲೆ ನನ್ನ ಬೆನ್ನುನೋವು ಹೋಯಿತಮ್ಮ ಎಂದು ಅಮ್ಮನಿಗೆ ದಿನಾ ಹೇಳುತ್ತಿದ್ದವನು. ಈಗ ಅವನೇ ಬೆನ್ನು ಬಗ್ಗಿಸಿ, ಹಲ್ಲು ಕಚ್ಚಿ ಪೆಟ್ಟಿಗೆ ಹೊರುತ್ತಿದ್ದ. ಅಮ್ಮ ಕೈಯಲ್ಲಿದ್ದ ಗ್ರೀಸ್ ಹಾಕುವ ಗನ್ ನೆಲಕ್ಕಿಟ್ಟು, ಅವನ ಹೆಗಲಿನಿಂದ ಪೆಟ್ಟಿಗೆಯನ್ನು ತನ್ನ ಹೆಗಲಿಗೆ ತೆಗೆದುಕೊಂಡಳು.

ಅಪ್ಪ ಬಂದರು. ಚೀಲ ಹೆಗಲಲ್ಲಿತ್ತು, ನಡಿಗೆಯಲ್ಲಿ ಹಳೆಯ ಗತ್ತು ಮರಳಿತ್ತು. ಡ್ರೈವರುಗಳು ದಾರಿ ಬಿಟ್ಟರು. ಮೊಣಕಾಲೂರಿ ಬೇರಿಂಗಿನ ಗೂಡು ಬಿಚ್ಚಿದರು. ಒಳಗೆ ಹೊಸ ಗ್ರೀಸಿನ ಸುಳಿವೇ ಇರಲಿಲ್ಲ, ಹಳೆಯದು ಕರಕಲಾಗಿ ಅಂಟಿತ್ತು. ಅಪ್ಪ ಅದನ್ನು ಉಗುರಿನಿಂದ ಕೆರೆದು ನೋಡಿ, ತಲೆಯೆತ್ತಿ ಅಮ್ಮನನ್ನು ಹುಡುಕಿದರು. ಅವಳು ಪೆಟ್ಟಿಗೆ ಹೊತ್ತು ಲಾರಿಯ ಕಡೆ ಹೋಗುತ್ತಿದ್ದಳು. ಇವಳು ಮರೆಯುವವಳಲ್ಲ ಎಂದು ಪ್ರಪಂಚದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅವರಿಗೇ.

ಏನಾಗಿತ್ತೆಂದು ಮ್ಯಾನೇಜರು ಕೇಳಿದಾಗ ಅಪ್ಪ, ಬೇರಿಂಗಿಗೆ ವಯಸ್ಸಾಗಿತ್ತು ಎಂದುಬಿಟ್ಟರು. ಅವರ ಬಾಯಿಂದ ಕೆಲಸದ ವಿಷಯದಲ್ಲಿ ಬಂದ ಸುಳ್ಳು ಅದೊಂದೇ ಇರಬೇಕು. ಅಮ್ಮ ಆ ಸುಳ್ಳಿಗೂ ಆಯುಷ್ಯ ಕೊಡಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಮುಂದೆ ಬಂದು ನಿಂತಳು.

"ವಯಸ್ಸಲ್ಲ ಸಾರ್. ನಾನು ಗ್ರೀಸ್ ಹಾಕಿರ್ಲಿಲ್ಲ."

"ಮರೆತ್ರಾ?"

"ಮರೆತಿಲ್ಲ. ಬಿಟ್ಟೆ."

ಯಾಕೆಂದು ಕೇಳಿದ್ದಕ್ಕೆ ಅಲ್ಲೇ, ಎಲ್ಲರ ಎದುರಿಗೇ ಹೇಳಿದಳು. ನಮ್ಮನೆಯವರು ಊಟದ ಹೊತ್ತಿಗೆ ಮಾತಾಡುವುದು ನಿಲ್ಲಿಸಿದ್ದಾರೆ ಸಾರ್, ಅದಕ್ಕೆ ಎಂದಳಂತೆ. ಯಾರೂ ನಗಲಿಲ್ಲ. ಮ್ಯಾನೇಜರು ಇನ್ನೊಮ್ಮೆ ಹೀಗಾದರೆ ಕೆಲಸದಿಂದ ತೆಗೆಯುವುದಾಗಿ ಎಚ್ಚರಿಸಿದರು. ಆಮೇಲೆ, ಯಂತ್ರಗಳ ವ್ಯವಸ್ಥೆಯನ್ನೆಲ್ಲ ಬದಲಿಸಿದೆ, ಅದರಲ್ಲಿ ಫಿಟ್ಟರನ ಜಾಗ ಯಾವುದೆಂದು ಹೇಳುವುದನ್ನು ಬಿಟ್ಟೆ, ಅದು ನನ್ನ ಕಡೆಯ ತಪ್ಪು ಎಂದರು.

ಆ ದಿನದ ಊಟ ನನಗೆ ನೆನಪಿದೆ, ಕಾರಣ ಮಾತ್ರ ಆಗ ತಿಳಿದಿರಲಿಲ್ಲ. ಎಷ್ಟೋ ದಿನಗಳ ಮೇಲೆ ಬೆಲ್ಟು ನಿಂತಿದೆಯೆಂದು ಅಜ್ಜಿಯೂ ನಾನೂ ಕಥೆಗೆ ಕಿವಿ ನಿಮಿರಿಸಿ ಕೂತಿದ್ದೆವು. ಅಪ್ಪ ಕಥೆ ಹೇಳಲಿಲ್ಲ. ಅಮ್ಮನ ಹೆಗಲ ಮೇಲೆ ಪೆಟ್ಟಿಗೆಯ ಅಂಚು ತರಚಿದ ಗಾಯವಿತ್ತು. ಅದನ್ನೇ ನೋಡುತ್ತಿದ್ದವರು ಕೊನೆಗೆ ಬಾಯಿಬಿಟ್ಟರು.

"ನನಗೋಸ್ಕರ ಆ ಮುದುಕನ ಬೆನ್ನ ಮೇಲೆ ಪೆಟ್ಟಿಗೆ ಹೊರಿಸಿದ್ಯಲ್ಲೇ."

"ತಪ್ಪಾಯ್ತು ರೀ."

"ತಪ್ಪು ನಂದು. ಜನ ಕಷ್ಟಕ್ಕೆ ಸಿಕ್ಕಿದ್ರೆ ಮಾತ್ರ ನನಗೆ ಖುಷಿ ಅಂತಾದ್ರೆ, ನಾನೆಂಥ ಡಾಕ್ಟರು?" ಎಂದು ತಟ್ಟೆಗೆ ಕೈ ಹಾಕಿದರು. "ನಾಳೆಯಿಂದ ನಾನೂ ನಿನ್ನ ಜೊತೆ ಸುತ್ತು ಬರ್ತೀನಿ. ನೀನು ಕೇಳು, ನಾನು ಬಿಚ್ತೀನಿ."

ಹಾಗೇ ಆಯಿತು. ಅಮ್ಮ ಮುಂದೆ, ಅಪ್ಪ ಚೀಲ ಹೊತ್ತು ಹಿಂದೆ. ಸದ್ದು ಒರಟಾದ ಬೇರಿಂಗನ್ನು ಅವಳು ತೋರಿಸುವಳು, ಲಾರಿಗಳಿಲ್ಲದ ಹೊತ್ತು ನೋಡಿ ಅವರು ಅದನ್ನು ಬದಲಿಸುವರು. ಊಟದ ಕಥೆಗಳೂ ಮರಳಿದವು, ಆದರೆ ವಿಚಿತ್ರ ಕಥೆಗಳು. ಇವತ್ತು ಸಿಕ್ಕಿಹಾಕಿಕೊಳ್ಳಬೇಕಿದ್ದ ಬೆಲ್ಟು ಹೇಗೆ ಸಿಕ್ಕಿಹಾಕಿಕೊಳ್ಳಲಿಲ್ಲ, ಯಾವ ಡ್ರೈವರು ಕೂಗಾಡಬೇಕಿದ್ದವನು ಶಿಳ್ಳೆ ಹಾಕುತ್ತಾ ಹೋದ ಎಂದು ಅಪ್ಪ ತುತ್ತು ಹಿಡಿದೇ ವರ್ಣಿಸುವರು. ಏನೂ ಆಗದ ಕಥೆಯನ್ನು ಅಷ್ಟು ಚೆನ್ನಾಗಿ ಹೇಳುವವರನ್ನು ನಾನು ಮತ್ತೆ ಕಂಡಿಲ್ಲ. ಅಮ್ಮನ "ಆಮೇಲೆ?" ಕೂಡ ಮೊದಲಿನಂತೆಯೇ ಬೀಳುತ್ತಿತ್ತು.

ಇಬ್ಬರೂ ಈಗ ನಿವೃತ್ತರು. ಕಳೆದ ವರ್ಷ ಅಮ್ಮನ ಮಂಡಿಗೆ ಆಪರೇಷನ್ ಆಯಿತು. ದಿನಾ ನಡೆಯಬೇಕು, ಇಲ್ಲವಾದರೆ ಕಾಲು ಬಿಗಿದುಕೊಳ್ಳುತ್ತದೆ ಎಂದು ಆಸ್ಪತ್ರೆಯ ಡಾಕ್ಟರು ಹೇಳಿ ಕಳಿಸಿದರು. ಅಮ್ಮ ಕುರ್ಚಿ ಬಿಟ್ಟು ಏಳಲೊಲ್ಲಳು. ನೋವಿಗಿಂತ ಹೆಚ್ಚಾಗಿ ಅವಳಿಗೆ ಮನಸ್ಸೇ ಇರಲಿಲ್ಲ. ಎದ್ದು ಏನು ಕಡಿದು ಗುಡ್ಡೆ ಹಾಕಬೇಕಾಗಿದೆ, ನನ್ನಿಂದ ಯಾರಿಗೇನಾಗಬೇಕು ಎನ್ನುವಳು. ನಾನು ಬಂದು ಗದರಿದೆ, ಗೋಗರೆದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಒಂದು ಬೆಳಿಗ್ಗೆ ಅಡುಗೆಮನೆಗೆ ಹೋಗಲು ಬಾಗಿಲು ತಳ್ಳಿದೆ. ಕಿರ್ರ್ ಎಂದಿತು. ಆ ಮನೆಯಲ್ಲಿ ಅಂಥ ಸದ್ದು ನಾನು ಕೇಳಿದ್ದೇ ಮೊದಲು. ಅಪ್ಪನ ಮೇಲೆ ಸಿಟ್ಟು ಬಂತು. ಇಷ್ಟನ್ನಾದರೂ ನೋಡಿಕೊಳ್ಳಬಾರದೇ ಎಂದು ಗೂಟದ ಮೇಲಿನ ಎಣ್ಣೆ ಡಬ್ಬಿಗೆ ಕೈ ಹಾಕಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದು, ತುಟಿಯ ಮೇಲೆ ಬೆರಳಿಟ್ಟು, ಬಾಗಿಲನ್ನು ತಾವೇ ಇನ್ನೊಮ್ಮೆ ಆಡಿಸಿದರು. ಇನ್ನೂ ಜೋರಾಗಿ ಕಿರುಗುಟ್ಟಿತು.

"ಯಾವ ಬಾಗಿಲದು?" ಒಳಗಿನಿಂದ ಅಮ್ಮನ ದನಿ. ಅಪ್ಪ ಮತ್ತೊಮ್ಮೆ ಆಡಿಸಿದರು. ಕುರ್ಚಿ ಸರಿದ ಸದ್ದಾಯಿತು. ಗೋಡೆ ಹಿಡಿದು, ಒಂದೊಂದೇ ಹೆಜ್ಜೆ ಊರುತ್ತಾ, ಕೋಣೆ ದಾಟಿ, ನಡುಮನೆ ದಾಟಿ ಅಮ್ಮ ಬಂದಳು. ನನ್ನನ್ನು ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ಬಾಗಿಲಿಗೆ ಕಿವಿಗೊಟ್ಟು, ಮೇಲಿನ ಕೀಲಿನ ಮೇಲೆ ಬೆರಳಾಡಿಸಿದಳು. ಬೆರಳಿಗೆ ಮಸಿಯಿಲ್ಲ, ಜಿಡ್ಡಿಲ್ಲ. ಮೂಸಿ ನೋಡಿದಳು. ಪಕ್ಕದಲ್ಲೇ ಇದ್ದ ನನಗೂ ಬಡಿಯಿತು ಸೀಮೆಎಣ್ಣೆಯ ವಾಸನೆ. ಯಾರೋ ಬಟ್ಟೆಯನ್ನು ಅದರಲ್ಲಿ ಅದ್ದಿ, ಕೀಲಿನ ಹಳೆಯ ಎಣ್ಣೆಯನ್ನೆಲ್ಲ ಚೊಕ್ಕವಾಗಿ ಒರೆಸಿ ತೆಗೆದಿದ್ದರು.

ಅಮ್ಮ ಈಗ ಅಪ್ಪನನ್ನು ನೋಡಿದಳು. ಅಪ್ಪ ಸೂರು ನೋಡುತ್ತಿದ್ದರು. ಅವಳು ಕೈ ಚಾಚಿದಳು, ನಾನು ಡಬ್ಬಿ ಕೊಟ್ಟೆ. ಒಂದು ತೊಟ್ಟು ಬಿಟ್ಟು, ಬಾಗಿಲನ್ನು ಹಿಂದೆ ಮುಂದೆ ಆಡಿಸಿ, ಸದ್ದು ನಿಲ್ಲುವ ತನಕ ತನ್ನ ಕಾಲ ಮೇಲೇ ನಿಂತಿದ್ದಳು.

"ಇದು ಸರಿಹೋಯ್ತು," ಎಂದು ಡಬ್ಬಿಯನ್ನು ನನಗೆ ಕೊಡದೆ ತನ್ನ ಬಳಿಯೇ ಇಟ್ಟುಕೊಂಡಳು. "ಹಿತ್ತಲ ಬಾಗಿಲು ಯಾವಾಗ ಶುರು ಮಾಡುತ್ತೋ ಏನೋ."

ಹಿತ್ತಲ ಬಾಗಿಲು ಮನೆಯ ಆ ತುದಿಯಲ್ಲಿದೆ. ಅಪ್ಪ ಸ್ವಲ್ಪ ಯೋಚಿಸಿದರು.

"ನಾಳೆ ಬೆಳಿಗ್ಗೆ ಶುರು ಮಾಡ್ಬಹುದು ಕಣೇ," ಎಂದರು.